ಕೈ ಮುಗಿಯಿರಿ, ಆದರೆ ಕೇಳಿ!

ಕನ್ನಡ ಬಂಧುಗಳೇ, ಮೊದಲು ನಿಮ್ಮನ್ನೇ ಒಂದು ಮಾತು ಕೇಳುತ್ತೇವೆ. ಬೇಸರ ಮಾಡಿಕೊಳ್ಳಬೇಡಿ.

ತಾಲೂಕು ಕಚೇರಿಯ ಮೆಟ್ಟಿಲು ಹತ್ತುವಾಗ ನಿಮ್ಮ ಹೆಗಲ ಮೇಲಿನ ಟವಲ್ಲು ತಾನಾಗಿಯೇ ಕಂಕುಳಿಗೆ ಇಳಿಯುವುದೇಕೆ? ಒಳಗೆ ಕುರ್ಚಿಯಲ್ಲಿ ಕೂತವರಿಗೆ ಸಂಬಳ ಬರುವುದು ನಿಮ್ಮ ತೆರಿಗೆ ಹಣದಿಂದ. ಆದರೂ ಅವರು "ನಾಳೆ ಬಾ" ಎಂದರೆ "ಆಗಲಿ ಬುದ್ಧಿ" ಎಂದು ವಾಪಸ್ಸು ಬರುತ್ತೀರಿ. ಯಾವ ನಾಳೆ? ಯಾಕೆ ನಾಳೆ? ಕೇಳುವುದಿಲ್ಲ!

ಕೇಳಿದರೆ ಉದ್ಧಟತನ ಎಂದು ನಮಗೆ ಚಿಕ್ಕಂದಿನಲ್ಲೇ ಕಲಿಸಿಬಿಟ್ಟಿದ್ದಾರೆ. ಮೇಷ್ಟ್ರಿಗೆ ಎದುರಾಡಬೇಡ. ಡಾಕ್ಟರು ಬರೆದ ಔಷಧಿ ಯಾತಕ್ಕೆಂದು ಕೇಳಬೇಡ. ಸ್ವಾಮಿಗಳ ಮುಂದೆ ತಲೆ ಎತ್ತಬೇಡ. ದೊಡ್ಡವರು ಹೇಳಿದ ಮೇಲೆ ಮುಗಿಯಿತು! ಇದು ಗೌರವವಲ್ಲ ಸ್ವಾಮಿ, ಭಯ. ಗೌರವ ಬೇರೆ, ಭಯ ಬೇರೆ.

ಮರ್ಯಾದೆ ಬಿಡದೆ ಪ್ರಶ್ನೆ ಕೇಳಿದ ಕನ್ನಡಿಗರೊಬ್ಬರನ್ನು ಇಲ್ಲಿ ನೆನೆಯಬೇಕು. ಗೌರಿಬಿದನೂರು ತಾಲೂಕಿನ ಹೊಸೂರಿನ ಬಡ ಮನೆಯಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ. ಖಾದಿ ಬಟ್ಟೆ, ಗಾಂಧಿ ಟೋಪಿ, ನ್ಯಾಷನಲ್ ಕಾಲೇಜಿನ ಹಾಸ್ಟೆಲಿನಲ್ಲಿ ಒಂದು ಕೋಣೆ. ಇಷ್ಟೇ ಅವರ ಸಂಸಾರ. ಅಮೆರಿಕದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದು ಬಂದರೂ ಆ ಕೋಣೆ ಬಿಡಲಿಲ್ಲ.

ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದ ಅವರು 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳ ತನಿಖೆಗೆ ಒಂದು ಸಮಿತಿ ರಚಿಸಿದರು. ಅದು ತುರ್ತು ಪರಿಸ್ಥಿತಿಯ ಕಾಲ, ದೇಶವೇ ಬಾಯಿ ಮುಚ್ಚಿಕೊಂಡು ಕೂತಿದ್ದ ಕಾಲ! ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೆ ನರಸಿಂಹಯ್ಯ ಪತ್ರ ಬರೆದರು. ನಿಮ್ಮ ಪವಾಡಗಳನ್ನು ಸಮಿತಿಯ ಮುಂದೆ ಮಾಡಿ ತೋರಿಸಿ ಎಂದು ಕೋರಿದರು. ಒಂದಲ್ಲ, ಮೂರು ಪತ್ರ. ಪರೀಕ್ಷೆಗೆ ಬಾಬಾ ಒಪ್ಪಲಿಲ್ಲ. ಭಕ್ತರು ಮುನಿದರು. ಆದರೆ ನರಸಿಂಹಯ್ಯ ಬೀದಿಯಲ್ಲಿ ನಿಂತು ಯಾರನ್ನೂ ಬೈಯಲಿಲ್ಲ, ಕಲ್ಲು ಹೊಡೆಸಲಿಲ್ಲ. ಕಾಗದ ಬರೆದರು, ಕಾದರು, ಮತ್ತೆ ಬರೆದರು. ಉತ್ತರ ಬಾರದಿದ್ದರೆ ಅದೂ ಒಂದು ಉತ್ತರವೇ ಅಲ್ಲವೇ?

ಇನ್ನೊಂದು ಸಂಗತಿ. ಅದೇ ವಿಶ್ವವಿದ್ಯಾಲಯಕ್ಕೆ ಹಿಂದೆ ಉಪಕುಲಪತಿಯಾಗಿದ್ದ ವಿ.ಕೃ. ಗೋಕಾಕರು ಬಾಬಾ ಅವರ ಭಕ್ತರು. ಗೋಕಾಕ್ ವರದಿಗಾಗಿ ಕನ್ನಡನಾಡೇ 1982ರಲ್ಲಿ ಬೀದಿಗಿಳಿಯಿತು. ಅವರ ಹೆಸರನ್ನು ನಾವು ತಲೆಯ ಮೇಲೆ ಹೊತ್ತಿದ್ದೇವೆ, ಹೊರುತ್ತೇವೆ. ಹಾಗೆಂದು ಅವರು ನಂಬಿದ್ದನ್ನೆಲ್ಲ ನಾವೂ ನಂಬಬೇಕೇ? ಬೇಕಿಲ್ಲ. ಭಾಷೆಯ ವಿಷಯದಲ್ಲಿ ದೊಡ್ಡವರಾದವರು ಎಲ್ಲ ವಿಷಯದಲ್ಲೂ ಪ್ರಮಾಣವಲ್ಲ. ಒಬ್ಬ ದೊಡ್ಡವರು ನಂಬಿದರು, ಇನ್ನೊಬ್ಬ ದೊಡ್ಡವರು ಕೇಳಿದರು. ಯಾರು ಸರಿ ಎಂದು ತೂಗಬೇಕಾದದ್ದು ನಮ್ಮ ಬುದ್ಧಿ!

ನರಸಿಂಹಯ್ಯನವರ ಪತ್ರಗಳಿಗೆ ಉತ್ತರ ಕೊಡಲೇಬೇಕೆಂಬ ಕಾನೂನು ಇರಲಿಲ್ಲ. ಆದರೆ ಸರ್ಕಾರಿ ಕುರ್ಚಿಯಲ್ಲಿ ಕೂತವರ ಮಾತು ಬೇರೆ. 2005ರ ಮಾಹಿತಿ ಹಕ್ಕು ಕಾಯ್ದೆ ಅವರನ್ನು ಕಟ್ಟಿಹಾಕಿದೆ. 10 ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡಿದ್ದವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಬರಬೇಕು. ಸಕಾರಣವಿಲ್ಲದೆ ತಡ ಮಾಡಿದ ಅಧಿಕಾರಿಗೆ ಮಾಹಿತಿ ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕಬಹುದು. ಯಾಕೆ ಬೇಕು ಎಂದು ಅವರು ನಿಮ್ಮನ್ನು ಕೇಳುವಂತಿಲ್ಲ. ಮುಖ್ಯವಾದ ಮಾತು ಇದು: ಅರ್ಜಿಯನ್ನು ಆ ಪ್ರದೇಶದ ಆಡಳಿತ ಭಾಷೆಯಲ್ಲೇ ಬರೆಯಬಹುದು. ಅಂದರೆ ಕನ್ನಡದಲ್ಲಿ! ಕರ್ನಾಟಕದಲ್ಲಿರುವ ರೈಲ್ವೆ ಕಚೇರಿಗೂ ಅಷ್ಟೇ, ರಾಷ್ಟ್ರೀಕೃತ ಬ್ಯಾಂಕಿಗೂ ಅಷ್ಟೇ. "ಇಂಗ್ಲಿಷ್‌ನಲ್ಲಿ ಬರೆದು ತಾ" ಎಂದು ಗದರಿಸಿದರೆ ತಪ್ಪು ಅವರದು.

ಕೇಳುವಾಗ ಜಗಳಕ್ಕೆ ಹೋಗಬೇಡಿ, ದಾಖಲೆ ಕೇಳಿ. ನಮ್ಮೂರ ರಸ್ತೆಗೆ ಬಿಡುಗಡೆಯಾದ ಹಣ ಎಷ್ಟು? ಬಿಲ್ಲಿಗೆ ಸಹಿ ಹಾಕಿದವರು ಯಾರು? ಬ್ಯಾಂಕಿನ ಅರ್ಜಿ, ಚಲನ್‌ಗಳು ಸ್ಥಳೀಯ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕೇ ಸೂಚನೆ ಕೊಟ್ಟಿದೆ. ಹಾಗಾದರೆ ಕಳೆದ ವರ್ಷ ನಿಮ್ಮ ಶಾಖೆಗೆ ಬಂದ ಕನ್ನಡ ಚಲನ್ ಎಷ್ಟು? ಅರ್ಜಿಯ ಒಂದು ಪ್ರತಿ ಇಟ್ಟುಕೊಳ್ಳಿ. ಸ್ವೀಕೃತಿಗೆ ಸೀಲು ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಮೇಲ್ಮನವಿ ಹಾಕಿ.

ಕೊನೆಗೆ ಒಂದು ಕಹಿ ಮಾತು. ಬೆಳ್ಳಗಿರುವುದೆಲ್ಲ ಹಾಲಲ್ಲ, ಹಳದಿ-ಕೆಂಪು ಶಾಲು ಹೊದ್ದವರೆಲ್ಲ ಕನ್ನಡದ ಸೇವಕರಲ್ಲ. ರಾಜ್ಯೋತ್ಸವದ ಚಂದಾ ಎತ್ತಲು ಬಂದವರಿಂದ ರಶೀದಿ ಕೇಳಿ. ಹಬ್ಬ ಮುಗಿದ ಮೇಲೆ ಲೆಕ್ಕ ಕೇಳಿ. "ಕನ್ನಡದ ಕೆಲಸಕ್ಕೂ ಲೆಕ್ಕ ಕೇಳುತ್ತೀಯಾ, ದ್ರೋಹಿ!" ಎಂದು ಯಾರಾದರೂ ಹಾರಾಡಿದರೆ ಲೆಕ್ಕ ಎಲ್ಲಿ ಹೋಯಿತೆಂದು ನೀವೇ ಊಹಿಸಿಕೊಳ್ಳಿ. ವಿಧಾನಸೌಧವನ್ನು ಪ್ರಶ್ನಿಸುವ ನಾವು ನಮ್ಮ ನಾಯಕರ ಮುಂದೆ ಮೂಗರಾದರೆ ಅದೆಂಥ ಹೋರಾಟ? ಈ ಪತ್ರಿಕೆಯಲ್ಲಿ ಬಂದದ್ದೂ ತಪ್ಪಿರಬಹುದು. ಒಂದು ಕಾರ್ಡು ಗೀಚಿ ನಮ್ಮನ್ನೂ ಕೇಳಿ.

ಕೇಳುವುದೆಂದರೆ ಎಲ್ಲವನ್ನೂ ಅಲ್ಲಗಳೆಯುವುದಲ್ಲ. ಉತ್ತರ ಸರಿಯಿದ್ದರೆ ಒಪ್ಪಿಕೊಳ್ಳಿ, ಕೈ ಮುಗಿಯಿರಿ. ಆದರೆ ಉತ್ತರ ಬರುವ ಮುಂಚೆಯೇ ಕೈ ಮುಗಿಯಬೇಡಿ.

ನಾಳೆ ಕಚೇರಿಗೆ ಹೋಗುತ್ತೀರಲ್ಲ? ಟವಲ್ಲು ಹೆಗಲ ಮೇಲೇ ಇರಲಿ!