ಮಚ್ಚೆ ಚರ್ಮಕ್ಕೆ, ಬರೆ ಮನಸ್ಸಿಗೆ

ತೊನ್ನು ಅಂಟುರೋಗವಲ್ಲ. ಮುಟ್ಟಿದರೆ ಬರುವುದಿಲ್ಲ, ಒಂದೇ ಲೋಟದಲ್ಲಿ ಕುಡಿದರೂ ಬರುವುದಿಲ್ಲ. ನಾಗದೋಷವಂತೂ ಅಲ್ಲವೇ ಅಲ್ಲ. ಚರ್ಮಕ್ಕೆ ಬಣ್ಣ ಕೊಡುವ ಕಣಗಳನ್ನು ದೇಹದ ರಕ್ಷಣಾಶಕ್ತಿಯೇ ಶತ್ರುವೆಂದು ಬಗೆದು ನಾಶಮಾಡುತ್ತದೆ, ಸಂಗತಿ ಇಷ್ಟೆ. ಆದರೂ ಕೈಮೇಲೆ ಬಿಳಿ ಮಚ್ಚೆ ಎದ್ದ ಸಪ್ಲೈಯರನನ್ನು ಹೋಟೆಲಿನ ಯಜಮಾನರು ಪಾತ್ರೆ ತೊಳೆಯುವ ತೊಟ್ಟಿಗೆ ಅಟ್ಟುತ್ತಾರೆ. "ನಮಗೇನಿಲ್ಲಪ್ಪ, ಗಿರಾಕಿಗಳು ಒಪ್ಪಬೇಕಲ್ಲ" ಎನ್ನುತ್ತಾರೆ. ಯಾರು ಸ್ವಾಮಿ ಆ ಗಿರಾಕಿಗಳು? ಪಾಳಿ ಮುಗಿಸಿ ಕಾಫಿಗೆ ಬರುವ ಕಾರ್ಮಿಕ ಬಂಧುಗಳು, ಪಕ್ಕದ ಅಂಗಡಿಯ ವರ್ತಕ ಮಿತ್ರರು!

ಹೀಗೆ ಅಟ್ಟಿಸಿಕೊಂಡವನ ಮನಸ್ಸು ಏನಾದೀತು? ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ. ಜಾತ್ರೆಯಿಲ್ಲ, ಮದುವೆಯೂಟವಿಲ್ಲ. ನಿದ್ದೆ ಹೋಗುತ್ತದೆ, ಹಸಿವು ಹೋಗುತ್ತದೆ, ಕೊನೆಗೆ ಸಾವಿನ ಯೋಚನೆ ಬರುತ್ತದೆ. ಹೆಣ್ಣುಮಗಳಾದರೆ ಕೇಳುವುದೇ ಬೇಡ. ಅವಳ ಮಚ್ಚೆಗೆ ತಂಗಿಯ ಸಂಬಂಧವೂ ಮುರಿಯುತ್ತದೆ. ಸೋರಿಯಾಸಿಸ್ ಇದ್ದವರ ಪಾಡು ಇನ್ನೂ ವಿಚಿತ್ರ. ಚಿಂತೆಯಿಂದ ರೋಗ ಕೆರಳುತ್ತದೆ, ಕೆರಳಿದ ರೋಗದಿಂದ ಚಿಂತೆ ಬೆಳೆಯುತ್ತದೆ. ಇದಕ್ಕೆ "ಧೈರ್ಯ ತಂದುಕೋ" ಎಂಬ ಬಿಟ್ಟಿ ಉಪದೇಶ ಸಾಲದು. ಖಿನ್ನತೆಯೂ ಕಾಯಿಲೆಯೇ, ಅದಕ್ಕೂ ಮದ್ದಿದೆ.

ಈ ಸಂಕಟದ ಮೇಲೆ ಹಣ ಮಾಡುವವರ ವರ್ಗವೊಂದಿದೆ. ತೊನ್ನು ವಾಸಿಮಾಡುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕಾಯಿದೆಯೇ ನಿಷೇಧಿಸಿದೆ. ಗೋಡೆಯ ಮೇಲಿನ ಭಿತ್ತಿಪತ್ರಗಳಿಗೆ ಅದು ಇನ್ನೂ ಗೊತ್ತಾದಂತಿಲ್ಲ! ತಿಂಗಳ ಸಂಬಳ ಅವರ ಡಬ್ಬಿಗೆ, ಬಡವನಿಗೆ ಮತ್ತಷ್ಟು ನಿರಾಶೆ.

ಸರ್ಕಾರವಾದರೂ ನೆಟ್ಟಗಿತ್ತೆ? ಕುಷ್ಠಕ್ಕೆ 1980ರ ದಶಕದಲ್ಲೇ ಬಹುಔಷಧ ಚಿಕಿತ್ಸೆ ಬಂತು. ಆರರಿಂದ ಹನ್ನೆರಡು ತಿಂಗಳಲ್ಲಿ ಗುಣ. ಆದರೆ ರೋಗಿಗಳನ್ನು ಹಿಡಿದು ಕೂಡಿಹಾಕುವ 1898ರ ಬ್ರಿಟಿಷರ ಕಾಯಿದೆ ರದ್ದಾದದ್ದು 2016ರಲ್ಲಿ. ಕುಷ್ಠದ ನೆಪದಲ್ಲಿ ವಿಚ್ಛೇದನ ಕೇಳುವ ಅವಕಾಶ ಹೋದದ್ದು 2019ರಲ್ಲಿ. ಗುಣವಾಗುವ ರೋಗಕ್ಕೇ ಇಷ್ಟು ವರ್ಷ ಕಾನೂನಿನ ಕಳಂಕ ಅಂಟಿಸಿಟ್ಟವರು ಜನರ ಅಜ್ಞಾನದ ಬಗ್ಗೆ ಯಾವ ಬಾಯಿಂದ ಮಾತಾಡುತ್ತಾರೆ?

ಮಾನಸಿಕ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು ಎಂದು 2017ರ ಕಾಯಿದೆ ಹೇಳುತ್ತದೆ. ಹಳ್ಳಿಯ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮನೋರೋಗ ನೋಡುವಂತೆ ಮಾಡಬಹುದೆಂದು ನಿಮ್ಹಾನ್ಸ್‌ನವರು 1980ರ ದಶಕದಲ್ಲೇ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟರು. ಆ ಮಾದರಿ ದೇಶದ ಬೇರೆ ಜಿಲ್ಲೆಗಳಿಗೂ ಹೋಯಿತು. ಹಾಗಿದ್ದ ಮೇಲೆ ಚರ್ಮದ ವಿಭಾಗಕ್ಕೆ ಬಂದವನ ಕೈಗೆ ಒಂದು ಮುಲಾಮು ಕೊಟ್ಟು ಕಳಿಸುವುದೇಕೆ? "ನಿದ್ದೆ ಬರುತ್ತದೆಯೇನಪ್ಪ?" ಎಂದು ಕೇಳಲು ಎಷ್ಟು ಹೊತ್ತು ಬೇಕು?

ಜಿಲ್ಲಾಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ವಾರಕ್ಕೆ ಎರಡು ದಿನವಾದರೂ ಮನೋವೈದ್ಯರೊಬ್ಬರು ಕೂರಬೇಕು. ಮಚ್ಚೆಯ ಕಾರಣಕ್ಕೆ ಯಾರನ್ನೂ ಕೆಲಸದಿಂದ ಕದಲಿಸಬಾರದೆಂದು ಯೂನಿಯನ್‌ಗಳು ಮಾಲೀಕರಿಂದ ಬರೆಸಿಕೊಳ್ಳಬೇಕು. ಆಸ್ಪತ್ರೆಗೆ ಬೇಕಾದದ್ದು ಇನ್ನೊಂದು ಕುರ್ಚಿ ಮಾತ್ರ. ಅದನ್ನು ಯಾವತ್ತು ಹಾಕಿಸುತ್ತೀರಿ, ಅಧಿಕಾರಿಗಳು ತಾರೀಖು ತಿಳಿಸಲಿ.