ಊರು ಕಟ್ಟಿದವರ ಸ್ಮಾರಕವೂ ಸತ್ಯವ್ರತವೂ

ಉಪಕಾರಿಯನ್ನು ಮರೆಯುವುದು ಕೃತಘ್ನತೆ; ಊರು ಕಟ್ಟಿದವರನ್ನು ಸ್ಮರಿಸುವುದು ಕರ್ತವ್ಯ. ಆದರೆ ಸಾರ್ವಜನಿಕ ಉದ್ಯಾನದಲ್ಲಿ ಕಲ್ಲು ನಿಲ್ಲಿಸಿ, ಒಬ್ಬನನ್ನೇ ‘ನಗರ ಸ್ಥಾಪಕ’ನೆಂದು ಕೊರೆಯಿಸಿ, ಉಳಿದವರ ಹೆಸರನ್ನು ಬೇಕೆಂದೇ ಬಿಟ್ಟುಬಿಡುವುದು ಸ್ಮರಣೆಯಲ್ಲ. ಅದು ಮೌನದಿಂದ ಆಡಿದ ಅಸತ್ಯ.

ಶಿರಾ ಪಟ್ಟಣವೇ ಇದಕ್ಕೆ ನಿದರ್ಶನ. ಅಲ್ಲಿಯ ಪಟ್ಟಣಕ್ಕೂ ಕೋಟೆಗೂ ಅಡಿಗಲ್ಲಿಟ್ಟವನು ರತ್ನಗಿರಿಯ ರಂಗಪ್ಪನಾಯಕನೆಂದು ಪ್ರತೀತಿ. ಕೋಟೆ ಮುಗಿಯುವ ಮೊದಲೇ ಬಿಜಾಪುರದ ಸೇನಾನಿ ರಣದುಲ್ಲಾಖಾನನು ಆ ಸೀಮೆಯನ್ನು ಗೆದ್ದನು. ಕೋಟೆಯನ್ನು ಪೂರ್ಣಗೊಳಿಸಿ, ಪೇಟೆಯ ಸುತ್ತ ಮಣ್ಣಿನ ಗೋಡೆ ಎಬ್ಬಿಸಿದವನು ಬಿಜಾಪುರದ ಅಧಿಕಾರಿ ಮಲಿಕ್ ಹುಸೇನ್. 1687ರಲ್ಲಿ ಮೊಗಲರು ಅದನ್ನು ತಮ್ಮ ಸುಬೆಯ ರಾಜಧಾನಿಯನ್ನಾಗಿ ಮಾಡಿಕೊಂಡರು. ಮುಂದೆ ಟಿಪ್ಪುವು ಶಿರೆಯ 12,000 ಕುಟುಂಬಗಳನ್ನು ಶ್ರೀರಂಗಪಟ್ಟಣದ ಗಂಜಾಮಿಗೆ ಸಾಗಿಸಿದನೆಂದು ಮೈಸೂರು ಗೆಜೆಟಿಯರ್ ಹೇಳುತ್ತದೆ. ಕೋಟೆ ಅಲ್ಲಿಯೇ ಉಳಿಯಿತು, ಊರು ಬರಿದಾಯಿತು. ಹಾಗಾದರೆ ಊರು ಎಂದರೆ ಕೋಟೆಯೋ, ಜನರೋ? ಆ ಕುಟುಂಬಗಳಿಗೆ ಯಾವ ಉದ್ಯಾನದಲ್ಲಿ ಕಲ್ಲುಂಟು?

ಶಿರೆಯ ತೋಟದ ಮಾದರಿಯಲ್ಲಿಯೇ ಹೈದರಾಲಿಯು 1760ರಲ್ಲಿ ಬೆಂಗಳೂರಿನ ಲಾಲ್‌ಬಾಗನ್ನು ಆರಂಭಿಸಿದನೆಂದು ಹೇಳುತ್ತಾರೆ. ಅಲ್ಲಿಯ ಬಂಡೆಯ ಮೇಲೆ ಕೆಂಪೇಗೌಡರ ಹೆಸರಿನ ಗೋಪುರವಿದೆ. 1537ರಲ್ಲಿ ಕೋಟೆ ಪೇಟೆಗಳನ್ನು ಕಟ್ಟಿಸಿದ ಆ ನಾಡಪ್ರಭುವಿನ ಹಿರಿಮೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಸುಮಾರು ಕ್ರಿ.ಶ. 900ರ ಬೇಗೂರಿನ ವೀರಗಲ್ಲಿನಲ್ಲಿಯೇ ‘ಬೆಂಗಳೂರು’ ಎಂಬ ಹೆಸರಿದೆ. ಇದನ್ನು ಹೇಳಿದ ಮಾತ್ರಕ್ಕೆ ಕೆಂಪೇಗೌಡರ ಕೀರ್ತಿ ಕುಂದುವುದೇ?

ಕಲ್ಲು ಗ್ರಂಥವಲ್ಲ, ಜನಸಾಮಾನ್ಯರಿಗೆ ಒಂದೇ ಹೆಸರು ಸಾಕು ಎಂದು ವಾದಿಸುವವರುಂಟು. ಅವರು ವಿಂಧ್ಯಗಿರಿಯನ್ನು ಏರಿ ನೋಡಲಿ. ಗೊಮ್ಮಟೇಶ್ವರನ ಪಾದದ ಬಳಿ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನ ಹೆಸರಿದೆ. ಸುತ್ತಾಲಯವನ್ನು ಮಾಡಿಸಿದ ಗಂಗರಾಜನ ಹೆಸರೂ ಇದೆ. ಇಬ್ಬರ ನಡುವೆ ಶತಮಾನಕ್ಕೂ ಮಿಗಿಲಾದ ಅಂತರವಿದೆ. ಗಂಗರಾಜನು ಹಿಂದಿನವನ ಹೆಸರನ್ನು ಅಳಿಸಲಿಲ್ಲ. ತಾನು ಮಾಡಿಸಿದ್ದಷ್ಟನ್ನೇ ತನ್ನದೆಂದನು. ಕೆಲವೇ ಪದಗಳಲ್ಲಿ ಇಷ್ಟು ಪ್ರಾಮಾಣಿಕತೆ ಸಾಧ್ಯವಾಗಿರುವಾಗ, ಇಂದಿನ ಅಮೃತಶಿಲೆಯ ಫಲಕಕ್ಕೆ ಸ್ಥಳದ ಅಭಾವವೆಂಬುದು ನೆಪವಲ್ಲದೆ ಮತ್ತೇನು?

ಮಧುಗಿರಿಗೆ ರಾಜಾ ಹಿರೇಗೌಡ, ಕೊರಟಗೆರೆಗೆ ಹೊಳವನಹಳ್ಳಿಯ ರಣಭೈರೇಗೌಡ ಮೂಲಪುರುಷರೆಂದು ಹೇಳಿಕೆ. ಹೇಳಿಕೆಯಾದರೆ ಹೇಳಿಕೆಯೆಂದೇ ಬರೆಯಬೇಕು; ಶಾಸನಾಧಾರವಿದ್ದರೆ ಅದರ ಕಾಲವನ್ನು ನಮೂದಿಸಬೇಕು. ಪಾವಗಡದಲ್ಲಾಗಲಿ ಶಿರಾದಲ್ಲಾಗಲಿ ಅಡಿಗಲ್ಲಿಟ್ಟವನು, ಪೂರ್ಣಗೊಳಿಸಿದವನು, ಬಾಳಿ ಬೆಳೆಸಿದ ಜನ, ಈ ಮೂವರಿಗೂ ಕಲ್ಲಿನಲ್ಲಿ ಸ್ಥಾನವಿರಬೇಕು.

ಈ ಮಾತು ಪುರಸಭೆಗಳಿಗೆ ಮಾತ್ರ ಸಲ್ಲುವುದಲ್ಲ. ಜೀರ್ಣೋದ್ಧಾರದ ಸಂಭ್ರಮದಲ್ಲಿ ಹಳೆಯ ದಾನಶಾಸನದ ಮೇಲೆ ಸುಣ್ಣ ಬಳಿದು, ಅದರ ಪಕ್ಕದಲ್ಲಿಯೇ ಹೊಸ ದಾನಿಗಳ ಫಲಕವನ್ನು ಮೆರೆಸುವ ಬಸದಿಯ ಟ್ರಸ್ಟುಗಳಿಗೂ ಇದು ಅನ್ವಯಿಸುತ್ತದೆ. ಒಂದೇ ಅಂಶವನ್ನು ಪೂರ್ಣಸತ್ಯವೆಂದು ಹಿಡಿಯುವುದು ಏಕಾಂತವೆಂದು ಬೋಧಿಸುವ ಸಮಾಜ, ತನ್ನ ಗೋಡೆಯ ಮೇಲೆಯೇ ಏಕಾಂತವನ್ನು ಕೆತ್ತಿಸಬಾರದು. ನಾಲಗೆಯ ಅಸತ್ಯ ಆಡಿದವನೊಡನೆ ಮುಗಿದೀತು. ಕಲ್ಲಿನ ಅಸತ್ಯವನ್ನು ಮೊಮ್ಮಕ್ಕಳು ಇತಿಹಾಸವೆಂದು ಓದುತ್ತಾರೆ.