ಚೆನ್ನೆಮಣೆ ವೇದಿಕೆಯಲ್ಲಿದೆ, ಆಡುವವರು ಎಲ್ಲಿ?

ಆಟಿ ತಿಂಗಳು ಬಂತೆಂದರೆ ಮುಂಬಯಿ ಹಾಗೂ ಉಪನಗರಗಳ ತುಳು-ಕನ್ನಡಿಗರ ಸಂಘ ಸಂಸ್ಥೆಗಳಲ್ಲಿ 'ಆಟಿಡೊಂಜಿ ದಿನ'ದ ಸಂಭ್ರಮ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿ, ಎಲ್ಲಿ ನೋಡಿದರೂ ರವಿವಾರದ ಸಭಾಗೃಹಗಳು ಭರ್ತಿ. ಮಹಿಳಾ ವಿಭಾಗದವರು ಹಿಂದಿನ ದಿನವೇ ಕುಳಿತು ಪತ್ರೊಡೆ ಮಾಡುತ್ತಾರೆ, ತಜಂಕ್, ತಿಮರೆ, ಕಣಿಲೆ ಎಂದು ಬಡಿಸುವವರಿಗೂ ಉಣ್ಣುವವರಿಗೂ ಸಂತೋಷ. ವೇದಿಕೆಯ ಒಂದು ಬದಿಯಲ್ಲಿ ಕಳಸೆ, ಸೇರು, ಮುಟ್ಟಾಳೆ, ಗೊರಬುಗಳ ಜೊತೆಗೆ ಒಂದು ಚೆನ್ನೆಮಣೆ. ದೀಪ ಬೆಳಗಿಸಿದ ಗಣ್ಯರು ಮಣೆಗೆ ನಾಲ್ಕು ಕಾಯಿ ಹಾಕುತ್ತಾರೆ, ಛಾಯಾಚಿತ್ರ ತೆಗೆಯಲಾಗುತ್ತದೆ. ಆಮೇಲೆ ಸ್ವಾಗತ, ಪ್ರಾಸ್ತಾವಿಕ, ಸನ್ಮಾನ, ಭಾಷಣ. ಊಟದ ಹೊತ್ತಿಗೆ ಮಣೆ ಚೀಲ ಸೇರಿರುತ್ತದೆ.

ಚೆನ್ನೆಮಣೆ ನೋಡುವ ವಸ್ತುವಲ್ಲ, ಆಡುವ ವಸ್ತು. ಎರಡು ಸಾಲು, ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಒಂದು ಗುಳಿಯ ಕಾಯಿಗಳನ್ನು ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತಾ ಹೋಗಬೇಕು. ಗದ್ದೆ ಬಿತ್ತುವವರ ಆಟ ಎಂಬುದು ಕೈಯ ಚಲನೆಯಲ್ಲೇ ಗೊತ್ತಾಗುತ್ತದೆ. ನಾಟಿ ಮುಗಿದು, ಕೆಲಸ ಕಡಿಮೆಯಾಗಿ, ಹೊರಗೆ ಜಡಿಮಳೆ ಸುರಿಯುವ ತಿಂಗಳಲ್ಲಿ ಇದನ್ನು ಅಟ್ಟದಿಂದ ಇಳಿಸುತ್ತಿದ್ದರು. ಆಟಿ ಮುಗಿದೊಡನೆ ಮಣೆ ಮತ್ತೆ ಅಟ್ಟಕ್ಕೆ. ಘಟ್ಟದ ಮೇಲೆ ಇದೇ ಅಳಗುಳಿ ಮಣೆ, ತಮಿಳುನಾಡಿನಲ್ಲಿ ಪಲ್ಲಾಂಗುಳಿ. ಇದರ ಬಂಧುಗಳು ಆಫ್ರಿಕಾದಲ್ಲಿದ್ದಾರೆ, ಶ್ರೀಲಂಕಾ, ಮಲೇಷ್ಯಾಗಳಲ್ಲೂ ಇದ್ದಾರೆ.

ಆಟವೆಂದರೆ ಮಕ್ಕಳಾಟಿಕೆ ಎನ್ನುವವರು ಸಿರಿ ಪಾಡ್ದನವನ್ನು ನೆನಪಿಸಿಕೊಳ್ಳಬೇಕು. ಅಬ್ಬಗ-ದಾರಗ ಎಂಬ ಅವಳಿ ಸೋದರಿಯರು ಚೆನ್ನೆ ಆಡುತ್ತಾ ಜಗಳವಾಗಿ, ಅಕ್ಕ ಅದೇ ಮಣೆಯಿಂದ ತಂಗಿಗೆ ಹೊಡೆದು, ತಾನೂ ಬಾವಿಗೆ ಹಾರಿದ ಕಥೆ ತುಳುನಾಡಿನ ಮನೆಮನೆಗೆ ಗೊತ್ತು. ಅಕ್ಕತಂಗಿಯರು ಚೆನ್ನೆ ಆಡಬಾರದೆಂದು ಹಿರಿಯರು ಹೇಳುತ್ತಿದ್ದುದೂ ಇದರಿಂದಲೇ. ಗೋಪಾಲ ನಾಯ್ಕರು ಹಾಡಿದ ಈ ಸಿರಿ ಕಾವ್ಯವನ್ನು ಲೌರಿ ಹೊಂಕೊ ಅವರು ಪ್ರೊ. ವಿವೇಕ ರೈ, ಪ್ರೊ. ಚಿನ್ನಪ್ಪ ಗೌಡರ ಜೊತೆಗೂಡಿ ಸಂಪಾದಿಸಿದ್ದು, 1998ರಲ್ಲಿ ಅದು ಫಿನ್‌ಲೆಂಡಿನಲ್ಲಿ ಪ್ರಕಟವಾಯಿತು. ಒಂದು ಸಮುದಾಯ ತನ್ನ ಮಹಾಕಾವ್ಯದ ದುರಂತವನ್ನು ಆಟದ ಮಣೆಯ ಮೇಲೆ ಇಟ್ಟಿದೆ ಎಂದರೆ ಆಟ ಅವರಿಗೆ ಎಷ್ಟು ಹತ್ತಿರದ್ದಾಗಿತ್ತು ಎಂದು ಊಹಿಸಬಹುದು. ಇನ್ನು ಅರಮನೆಯ ಮಾತು. ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಮಣೆಯಾಟಗಳನ್ನು ರಚಿಸಿದವರು. ಅವರ 'ಶ್ರೀತತ್ತ್ವನಿಧಿ'ಯಲ್ಲಿ ಆಟಗಳಿಗೆಂದೇ 'ಕೌತುಕನಿಧಿ' ಇದೆ. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನವು 'ಕ್ರೀಡಾ ಕೌಶಲ್ಯ' ಪ್ರದರ್ಶನಗಳಲ್ಲಿ ಇಂಥ ಆಟಗಳನ್ನು ಜನರ ಮುಂದಿಟ್ಟಿದೆ.

ಈ ಮಾತು ದಿವಾ ಪರಿಸರದಲ್ಲಿ ಹೆಚ್ಚು ಮುಖ್ಯವಾಗುತ್ತದೆ. ಮುಂಬ್ರಾ ಮತ್ತು ಕೋಪರ್ ನಡುವಿನ ಈ ಜಂಕ್ಷನ್ ಒಂದು ಕಾಲದಲ್ಲಿ ಗದ್ದೆ, ಖಾಡಿಗಳ ನಡುವಿನ ಸಣ್ಣ ಊರು. ಡೊಂಬಿವಲಿಯ ಬಾಡಿಗೆಯೂ ಭಾರವಾದವರು ಇಲ್ಲಿಗೆ ಬಂದರು, ಅವರಲ್ಲಿ ನಮ್ಮವರೂ ಇದ್ದಾರೆ. ಕ್ಯಾಂಟೀನು, ಹೊಟೇಲು, ಖಾಸಗಿ ಕಂಪೆನಿಗಳಲ್ಲಿ ದುಡಿಯುವ ಕರಾವಳಿಯವರು, ಕಟ್ಟಡ ಕಾಮಗಾರಿಗೆಂದು ಬಂದ ಉತ್ತರ ಕರ್ನಾಟಕದವರು. 2016ರ ಡಿಸೆಂಬರಿನಿಂದ ಇಲ್ಲಿ ಫಾಸ್ಟ್ ಲೋಕಲ್ ನಿಲ್ಲುತ್ತಿದ್ದರೂ ಬೆಳಗ್ಗಿನ ಗಾಡಿಗೆ ಹತ್ತುವುದೇ ಒಂದು ಸಾಹಸ. ಗಾಡಿಯಲ್ಲಿ ಬ್ರೀಫ್‌ಕೇಸ್ ತೊಡೆಯ ಮೇಲಿಟ್ಟು ಇಸ್ಪೀಟು ಆಡುವ, ಭಜನೆ ಹಾಡುವ ಮುಂಬಯಿಯ ಹಳೆಯ ಸುಖಕ್ಕೂ ಮೊದಲು ಸೀಟು ಸಿಗಬೇಕಲ್ಲ! ಮಕ್ಕಳು ಏಳುವ ಮೊದಲು ಹೊರಟ ತಂದೆ ಅವರು ಮಲಗಿದ ಮೇಲೆ ಬರುತ್ತಾರೆ. ಕಟ್ಟಡಕ್ಕೆ ಕಟ್ಟಡ ತಾಗಿಕೊಂಡಿರುವಲ್ಲಿ ಲಗೋರಿಗೆ ಏಳು ಕಲ್ಲು ಪೇರಿಸುವ ಜಾಗವೂ ಇಲ್ಲ. ಮಳೆಗಾಲದಲ್ಲಂತೂ ರಸ್ತೆಯ ಮೇಲೆ ನೀರು, ಮನೆಯೊಳಗೆ ಮಕ್ಕಳು, ಮಕ್ಕಳ ಕೈಯಲ್ಲಿ ಮೊಬೈಲು.

ಇದೇ ಒಂದೂವರೆ ಕೋಣೆಯ ಮನೆಯಲ್ಲಿ ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದು ಊರಿನಿಂದ ಬಂದ ಅಜ್ಜಿ ಇರುತ್ತಾರೆ. ಅವರಿಗೆ ಹಿಂದಿ ಬಾರದು, ಮಗುವಿಗೆ ತುಳುವೋ ಕನ್ನಡವೋ ಅರ್ಧಂಬರ್ಧ. ಊಟ ಮಾಡು, ಸ್ನಾನ ಮಾಡು ಎಂಬಲ್ಲಿಗೆ ಮಾತು ಮುಗಿಯುತ್ತದೆ. ನಡುವೆ ಒಂದು ಚೆನ್ನೆಮಣೆ ಇಟ್ಟು ನೋಡಿ. ಆಟಕ್ಕೆ ಹೆಚ್ಚು ಮಾತು ಬೇಡ, ಆದರೆ ಎಣಿಕೆ ಬೇಕು. ಒಂಜಿ, ರಡ್ಡ್, ಮೂಜಿ, ನಾಲ್ ಎಂದು ಅಜ್ಜಿ ಎಣಿಸುವಾಗ ಮೋಸ ಆಗಬಾರದೆಂದು ಮಗು ಕಿವಿಗೊಟ್ಟು ಕೇಳುತ್ತದೆ. ನಾಲ್ಕನೇ ದಿನ ತಾನೇ ಎಣಿಸುತ್ತದೆ. ಮಕ್ಕಳಿಗೆ ಭಾಷೆ ಬರುವುದಿಲ್ಲವೆಂದು ಪ್ರತಿ ವಾರ್ಷಿಕ ಮಹಾಸಭೆಯಲ್ಲೂ ಚಿಂತಿಸುವ ನಾವು ಇಷ್ಟು ಸುಲಭದ ಪಾಠಶಾಲೆಯನ್ನು ಪ್ರದರ್ಶನಕ್ಕಿಟ್ಟು ಕೈತೊಳೆದುಕೊಂಡಿದ್ದೇವೆ. ಮನೆಯಲ್ಲಿ ಒಂಟಿಯಾಗಿರುವ ಹಿರಿಯರಿಗೂ ದಾರಿ ಇದೆ, ಚೆನ್ನೆಯಲ್ಲಿ ಒಬ್ಬರೇ ಆಡುವ ಸೀತೆ ಆಟವೂ ಉಂಟು.

ಸಂಘಗಳು ಕ್ರೀಡೆಗೆ ಏನೂ ಮಾಡುವುದಿಲ್ಲ ಎಂದಲ್ಲ. ವಾರ್ಷಿಕ ಕ್ರೀಡಾಕೂಟ, ಕಬಡ್ಡಿ, ತ್ರೋಬಾಲ್, ಕ್ರಿಕೆಟ್ ಪಂದ್ಯಾಟಗಳಿಗೆ ದಾನಿಗಳು ಕೈಬಿಚ್ಚಿ ನೀಡುತ್ತಾರೆ, ಅದು ಶ್ಲಾಘನೀಯ. ಆದರೆ ಪಂದ್ಯಾಟದಲ್ಲಿ ಆಡುವವರು ಹದಿನಾಲ್ಕು ಜನ, ನೋಡುವವರು ನಾಲ್ಕು ನೂರು. ಅರುವತ್ತು ದಾಟಿದವರಿಗೆ ಅಲ್ಲಿ ಕುರ್ಚಿ ಮಾತ್ರ, ಮಹಿಳೆಯರಿಗೆ ಬಹುತೇಕ ಅದೇ ನಿಂಬೆ-ಚಮಚ, ಸಂಗೀತ ಕುರ್ಚಿ. ಟ್ರೋಫಿಯಿಲ್ಲದ ಆಟಕ್ಕೂ ನಮ್ಮ ಕಾರ್ಯಕ್ರಮ ಪಟ್ಟಿಯಲ್ಲಿ ಒಂದು ಗಂಟೆ ಸಿಗಬೇಕು. ಭಾಷಣಕಾರರು ನಾಲ್ವರ ಬದಲು ಇಬ್ಬರಾದರೆ ಆ ಗಂಟೆ ತಾನಾಗಿ ಸಿಗುತ್ತದೆ. ಅಧ್ಯಕ್ಷರುಗಳು ಮುನಿಸಿಕೊಳ್ಳಬಾರದು!

ಮಗುವಿಗೆ ಆಡುವ ಹಕ್ಕಿದೆ ಎಂದು ವಿಶ್ವಸಂಸ್ಥೆ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿಯಲ್ಲಿ ಬರೆದಿದೆ, ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ. 2024ರಿಂದ ಜೂನ್ 11 ಅಂತಾರಾಷ್ಟ್ರೀಯ ಆಟದ ದಿನ. ಇವೆಲ್ಲ ಒಳ್ಳೆಯದೇ. ಆದರೆ ಹಕ್ಕು ಕಾಗದದಲ್ಲಿದ್ದರೆ ಸಾಲದು, ಮನೆಯಲ್ಲಿ ಜೊತೆಗೆ ಕುಳಿತು ಆಡುವ ಒಬ್ಬರು ಬೇಕು. ಇಂಗ್ಲಿಷ್ ಮಾಧ್ಯಮದ ಹೋಂವರ್ಕ್, ಟ್ಯೂಷನ್‌ಗಳ ನಡುವೆ ಸಮಯವೆಲ್ಲಿ ಎಂದು ತಾಯಂದಿರು ಕೇಳುವುದು ನ್ಯಾಯವೇ. ಆದರೆ ಮೊಬೈಲಿಗೆ ಸಿಗುವ ಸಮಯದಲ್ಲಿ ಅರ್ಧ ಗಂಟೆಯನ್ನು ಕಡ ತರಬಹುದಷ್ಟೆ.

ಖರ್ಚಿನ ಮಾತಂತೂ ಬೇಡ. ಐ.ಐ.ಟಿ. ಕಾನ್ಪುರದಲ್ಲಿ ಓದಿ ಪುಣೆಯ ಟೆಲ್ಕೋದಲ್ಲಿ ಇಂಜಿನಿಯರಾಗಿದ್ದ ಅರವಿಂದ ಗುಪ್ತಾ ಅವರು ಆ ಕೆಲಸ ಬಿಟ್ಟು, ಬೆಂಕಿಕಡ್ಡಿ, ಸೈಕಲ್ ಟ್ಯೂಬಿನ ತುಂಡು, ಹಳೆಯ ಕಾಗದಗಳಿಂದ ಆಟಿಕೆ ಮಾಡುವುದನ್ನು ದೇಶದ ಮಕ್ಕಳಿಗೆ ಕಲಿಸಿದರು. ಪುಣೆಯ ಅಯೂಕಾ ಸಂಸ್ಥೆಯ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ದಶಕಕ್ಕೂ ಹೆಚ್ಚು ಕಾಲ ಅದೇ ಕೆಲಸ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮುರಿದು ನೋಡಲು ಬಿಡುವ ಆಟಿಕೆಯೇ ಒಳ್ಳೆಯ ಆಟಿಕೆ ಎಂಬುದು ಅವರ ನಿಲುವು. ಸಾವಿರ ರೂಪಾಯಿಯ ರಿಮೋಟ್ ಕಾರನ್ನು ಕಪಾಟಿನ ಮೇಲಿಡುವ ಹೆತ್ತವರು ಇದನ್ನು ಗಮನಿಸಬೇಕು. ಕೊಂಡೇ ಕೊಡುವುದಿದ್ದರೆ ಮರ ಕಡೆದು ಅರಗಿನ ಬಣ್ಣ ಹಾಕಿದ ಚನ್ನಪಟ್ಟಣದ ಬುಗುರಿ ಇದೆ. ಸನ್ಮಾನದ ಶಾಲು, ಸ್ಮರಣಿಕೆಗಳ ಒಂದು ಪಾಲು ಉಳಿಸಿದರೆ ಪ್ರತಿಭಾ ಪುರಸ್ಕಾರಕ್ಕೆ ಬರುವ ಮಕ್ಕಳಿಗೆಲ್ಲ ಅದನ್ನು ಹಂಚಬಹುದು.

ಆಟದ ವಿಷಯದಲ್ಲಿ ಕರಾವಳಿ, ಘಟ್ಟದ ಮೇಲೆ ಎಂಬ ಭೇದವೂ ಸಲ್ಲದು. ಉತ್ತರ ಕರ್ನಾಟಕದ ನಮ್ಮ ಬಾಂಧವರನ್ನು ಆಟಿಯ ಊಟಕ್ಕೆ ಕರೆದರೆ ಪತ್ರೊಡೆಯ ರುಚಿ ಹಿಡಿಯಲು ಸಮಯ ಬೇಕು, ಆದರೆ ಚೌಕಾಬಾರದ ಮುಂದೆ ಕುಳಿತರೆ ಪರಿಚಯ ಐದೇ ನಿಮಿಷದ ಕೆಲಸ. ನೆರೆಮನೆಯ ಮರಾಠಿ ಮಕ್ಕಳಿಗೂ ಲಗೋರಿ ಲಗೋರಿಯೇ, ನಮ್ಮ ಚಿನ್ನಿದಾಂಡು ಅವರ ವಿಟಿದಾಂಡು.

ಊರಿನಿಂದ ಮಣೆ ತರಿಸುವವರೆಗೆ ಕಾಯಬೇಕಾಗಿಲ್ಲ. ನೆಲದ ಮೇಲೆ ಸೀಮೆಸುಣ್ಣದಿಂದ ಹದಿನಾಲ್ಕು ವೃತ್ತ ಬರೆದರೆ ಚೆನ್ನೆ, ಮಂಜೊಟ್ಟಿ ಕಾಯಿ ಇಲ್ಲದಿದ್ದರೆ 56 ಹುಣಸೆ ಬೀಜ. ಉದ್ದ ಐದು, ಅಡ್ಡ ಐದು ಮನೆ ಬರೆದರೆ ಚೌಕಾಬಾರ. ಅದಕ್ಕೆ ಕವಡೆಯ ಬದಲು ನಾಲ್ಕು ಹುಣಸೆ ಬೀಜಗಳನ್ನು ಒಂದು ಬದಿ ಬಿಳಿಯಾಗುವಂತೆ ಕಲ್ಲಿಗೆ ಉಜ್ಜಿಕೊಂಡರಾಯಿತು. ನಾಲ್ಕೂ ಬಿಳಿ ಬಿದ್ದರೆ ನಾಲ್ಕು, ನಾಲ್ಕೂ ಕಪ್ಪು ಬಿದ್ದರೆ ಎಂಟು. ಉಳಿದ ನಿಯಮಗಳು ಊರಿಂದೂರಿಗೆ ಬೇರೆ. ಆ ಬಗ್ಗೆ ಜಗಳವಾದರೆ ಮನೆಯ ಅಜ್ಜಿ ಹೇಳಿದ್ದೇ ಅಂತಿಮ.